ಎರಡು ಹಾಳೆ, ಎರಡು ಲೆಕ್ಕ: ಚೆನ್ನಾಗಿ ಓದುವ ವಿದ್ಯಾರ್ಥಿ ಎಲ್ಲೆಲ್ಲಿ ಅರ್ಜಿ ಹಾಕಬೇಕು?

[ದೃಶ್ಯ: ಸಂಜೆಯ ಬಸವನಗುಡಿ, ಒಂದು ಮನೆಯ ಊಟದ ಮೇಜು, ಮೇಜಿನ ಮೇಲೆ ತೆರೆದ ಲ್ಯಾಪ್‌ಟಾಪ್]

ನಮಸ್ಕಾರ. ಬಸವನಗುಡಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗಳು ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಎಸ್‌ಎಸ್‌ಎಲ್‌ಸಿಯಲ್ಲಿ ಶಾಲೆಗೇ ಮೊದಲಿಗಳಾಗಿದ್ದವಳು, ಒಳ್ಳೆಯ ಲೆಕ್ಕವೊಂದು ಕೈಗೆ ಸಿಕ್ಕರೆ ಊಟ ಮರೆಯುವವಳು. ತಂದೆ ಎಕ್ಸೆಲ್ ಹಾಳೆಯಲ್ಲಿ ಬಾಂಬೆ ಐಐಟಿ, ಭಾರತೀಯ ವಿಜ್ಞಾನ ಸಂಸ್ಥೆ, ಆರ್.ವಿ. ಕಾಲೇಜು, ಅಮೆರಿಕದ ಎಂಐಟಿ ಮತ್ತು ಪ್ರಿನ್ಸ್‌ಟನ್, ಬ್ರಿಟನ್ನಿನ ಕೇಂಬ್ರಿಜ್ ಎಂದು ಒಂದರ ಕೆಳಗೊಂದು ಬರೆದಿದ್ದಾರೆ. ಹೆಸರುಗಳಲ್ಲಿ ದೋಷವಿಲ್ಲ. ಅವೆಲ್ಲವೂ ಒಂದೇ ಹಾಳೆಯಲ್ಲಿರುವುದು ದೋಷ. ಏಕೆಂದರೆ ಈ ಕಾಲೇಜುಗಳು ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವ ಪದ್ಧತಿಗಳು ಎರಡು ಬೇರೆ ಬೇರೆ ಜಾತಿಯವು, ಒಂದರಲ್ಲಿ ಲಾಭ ತರುವ ನಡೆ ಇನ್ನೊಂದರಲ್ಲಿ ನಷ್ಟ ತರುತ್ತದೆ.

[ದೃಶ್ಯ: ಆಪ್ಷನ್ ಎಂಟ್ರಿ ಪಟ್ಟಿಯ ಮಾದರಿ]

ಮೊದಲು ರ‍್ಯಾಂಕ್ ನೋಡಿ ಸೀಟು ಕೊಡುವ ಪದ್ಧತಿಯನ್ನು ನೋಡೋಣ. ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಭಾಗ ಸಿಇಟಿ ಅಂಕಗಳಿಂದ, ಇನ್ನರ್ಧ ಭಾಗ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳಿಂದ ಬರುತ್ತದೆ. ಆಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರು ಪ್ರತಿ ಅಭ್ಯರ್ಥಿ ತನಗೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಬರೆದುಕೊಟ್ಟ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ, ಆ ರ‍್ಯಾಂಕಿಗೆ ಸಿಗಬಹುದಾದ ಮೊದಲ ಸೀಟನ್ನು ಕೊಡುತ್ತದೆ. ಐಐಟಿ ಮತ್ತು ಎನ್‌ಐಟಿಗಳಿಗೆ 2015ರಿಂದ ನಡೆಯುತ್ತಿರುವ ಜೋಸಾ ಜಂಟಿ ಹಂಚಿಕೆಯ ಬೇರು ಇನ್ನೂ ಹಳೆಯದು: ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಗಣಿತಜ್ಞರು 1962ರಲ್ಲಿ ಪ್ರಕಟಿಸಿದ ವಿಧಾನ ಅದಕ್ಕೆ ಆಧಾರ. ಶೇಪ್ಲಿಯವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇದೇ ಬಗೆಯ ಕೆಲಸಕ್ಕೆ.

ಈ ವಿಧಾನದ ಗುಣ ಬಹಳ ಮಂದಿಗೆ ತಿಳಿದಿಲ್ಲ. ಸಿಗಲಾರದ ಕಾಲೇಜನ್ನು ಪಟ್ಟಿಯ ಮೇಲ್ಭಾಗದಲ್ಲಿ ಬರೆದರೆ ಕೆಳಗಿನ ಕಾಲೇಜಿನ ಅವಕಾಶಕ್ಕೆ ಕಿಂಚಿತ್ತೂ ಧಕ್ಕೆಯಾಗುವುದಿಲ್ಲ. "ಹೋದ ವರ್ಷದ ಕಟ್‌ಆಫ್ ನೋಡಮ್ಮ, ಅದು ನಿನಗೆ ಸಿಗುವುದಿಲ್ಲ, ಮೇಲೆ ಬರೆದು ಅವಕಾಶ ಹಾಳುಮಾಡಿಕೊಳ್ಳಬೇಡ" ಎಂದು ಪಕ್ಕದ ಮನೆಯ ಅಂಕಲ್ ಹೇಳುವುದು ಪ್ರೀತಿಯಿಂದಲೇ ಆದರೂ, ಆ ಸಲಹೆ ತಪ್ಪು. ಇಲ್ಲಿ ಮಾಡಬೇಕಾದದ್ದು ಒಂದೇ ಕೆಲಸ: ನಿಜವಾಗಿ ಬೇಕಾದ ಕ್ರಮದಲ್ಲಿ, ಬೇಕಾದಷ್ಟು ಉದ್ದಕ್ಕೆ ಬರೆಯುವುದು. ಸುರತ್ಕಲ್ಲಿನ ಎನ್‌ಐಟಿಯಲ್ಲಿ ಅರ್ಧದಷ್ಟು ಸೀಟುಗಳು ಕರ್ನಾಟಕದವರಿಗೆ ಮೀಸಲಾಗಿರುವುದರಿಂದ, ಇಲ್ಲಿಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅದಕ್ಕೆ ಒಂದು ಸ್ಥಾನ ಇದ್ದೇ ಇರಬೇಕು.

ಒಂದು ಎಚ್ಚರಿಕೆಯಿದೆ. ಸಿಕ್ಕ ಸೀಟನ್ನು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗಲು ಜೋಸಾದಲ್ಲಿ ಫ್ಲೋಟ್, ಸಿಇಟಿಯಲ್ಲಿ ಚಾಯ್ಸ್ 2 ಎಂಬ ದಾರಿಗಳಿವೆ. ಪಟ್ಟಿಯಲ್ಲಿ ಮೇಲಿದ್ದ ಸೀಟು ಸಿಕ್ಕ ಕೂಡಲೇ ಹಳೆಯ ಸೀಟು ಬೇರೆಯವರ ಪಾಲಾಗುತ್ತದೆ, ಹಿಂದಿರುಗಲು ಆಗುವುದಿಲ್ಲ. ಸುಮ್ಮನೆ ಹೆಸರು ದೊಡ್ಡದೆಂದು ಮೇಲೆ ಬರೆದಿದ್ದ ಕಾಲೇಜಿನ ಬೇಡದ ಶಾಖೆಗೆ ಹೋಗಿ ಸಿಕ್ಕಿಕೊಂಡವರು ಹೀಗೆಯೇ ಸಿಕ್ಕಿಕೊಳ್ಳುತ್ತಾರೆ.

ಈ ಮೊದಲ ಹಾಳೆಗೇ ಸೇರಬೇಕಾದ, ಆದರೆ ಜೋಸಾದ ಪಟ್ಟಿಯಲ್ಲಿ ಕಾಣಿಸದ ಎರಡು ಹೆಸರುಗಳು ನಮ್ಮ ಊರಿನಲ್ಲೇ ಇವೆ. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ವಿಜ್ಞಾನ ಪದವಿಯನ್ನು ಆರಂಭಿಸಿತು. ಅದಕ್ಕೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆ ಗಣಿತದ ಪದವಿಗೆ ತನ್ನದೇ ಪರೀಕ್ಷೆ ನಡೆಸುತ್ತದೆ. ಆರ್.ವಿ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ದಿನವೂ ಅದರ ಆಸುಪಾಸಿನಲ್ಲೇ ಓಡಾಡುವವರಿಗೂ ಒಳಗೆ ಏನು ಕಲಿಸುತ್ತಾರೆಂಬುದು ಗೊತ್ತಿರುವುದಿಲ್ಲ. ಊಟ ಮರೆತು ಲೆಕ್ಕ ಮಾಡುವ ಹುಡುಗಿಗೆ, ನನ್ನನ್ನು ಕೇಳಿದರೆ, ಅನೇಕ ಐಐಟಿ ಶಾಖೆಗಳಿಗಿಂತ ಇವೇ ಹತ್ತಿರದವು.

[ದೃಶ್ಯ: ಖಾಲಿ ಎರಡನೆಯ ಹಾಳೆ]

ಈಗ ಎರಡನೆಯ ಹಾಳೆ. ಅಮೆರಿಕದ ಆಯ್ದ ವಿಶ್ವವಿದ್ಯಾಲಯಗಳಲ್ಲಿ ರ‍್ಯಾಂಕ್ ಎಂಬುದೇ ಇಲ್ಲ. ಅಂಕಪಟ್ಟಿ, ಪ್ರಬಂಧ, ಉಪನ್ಯಾಸಕರ ಶಿಫಾರಸು ಪತ್ರ, ತರಗತಿಯ ಹೊರಗಿನ ಕೆಲಸ, ಇವೆಲ್ಲವನ್ನೂ ಒಂದು ಸಮಿತಿ ಕುಳಿತು ಓದುತ್ತದೆ. ಹಾರ್ವರ್ಡ್, ಎಂಐಟಿಯಂಥ ಕಡೆ 100 ಅರ್ಜಿಗಳಲ್ಲಿ 5ಕ್ಕಿಂತ ಕಡಿಮೆ ಮಂದಿಗೆ ಪ್ರವೇಶ ಸಿಗುತ್ತದೆ. ಇಲ್ಲಿ ತಂದೆಯವರು ಒಂದು ಲೆಕ್ಕ ಹಾಕುತ್ತಾರೆ: ಒಂದೊಂದರಲ್ಲಿ ನೂರಕ್ಕೆ 5 ಅವಕಾಶವಿದ್ದರೆ, ಹತ್ತು ಕಡೆ ಅರ್ಜಿ ಹಾಕಿದಾಗ ಎಲ್ಲಾದರೂ ಒಂದು ಕಡೆ ಸಿಗುವ ಸಂಭವ ಸುಮಾರು ನೂರಕ್ಕೆ 40.

ಗುಣಾಕಾರ ಸರಿಯಾಗಿದೆ, ಆದರೆ ಅದು ಹತ್ತು ಬೇರೆ ಬೇರೆ ದಾಳಗಳನ್ನು ಎಸೆದಾಗಿನ ಲೆಕ್ಕ. ಇಲ್ಲಿ ಹತ್ತೂ ಕಡೆಗೆ ಹೋಗುವುದು ಅದೇ ಅಂಕಪಟ್ಟಿ, ಅದೇ ಇಬ್ಬರು ಉಪನ್ಯಾಸಕರ ಪತ್ರ, ಹೆಚ್ಚುಕಡಿಮೆ ಅದೇ ಪ್ರಬಂಧ. ಒಂದು ಸಮಿತಿಗೆ ಸಪ್ಪೆಯೆನಿಸಿದ ಅರ್ಜಿ ಮತ್ತೊಂದಕ್ಕೂ ಸಪ್ಪೆಯೆನಿಸುವ ಸಂಭವವೇ ಹೆಚ್ಚು. ನೂರಕ್ಕೆ 5 ಎಂಬುದಾದರೂ ಎಲ್ಲ ಅರ್ಜಿದಾರರ ಸರಾಸರಿ. ಹೊರದೇಶದವರಿಗೆ ಅದು ಇನ್ನೂ ಕಡಿಮೆ. ಹೀಗಾಗಿ ಮೇಲ್ತುದಿಯ ಹತ್ತು ಹೆಸರುಗಳನ್ನು ಹದಿನೈದಕ್ಕೆ ಏರಿಸುವುದರಿಂದ ಅವಕಾಶ ಅಷ್ಟಾಗಿ ಏರುವುದಿಲ್ಲ, ಬರೆಯಬೇಕಾದ ಪ್ರಬಂಧಗಳ ಸಂಖ್ಯೆಯಂತೂ ಏರುತ್ತದೆ. ಅನೇಕ ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣವಾದ ಕಾಮನ್ ಆಪ್‌ನಲ್ಲಿ ಇಪ್ಪತ್ತು ಕಾಲೇಜುಗಳವರೆಗೆ ಸೇರಿಸಲು ಅವಕಾಶವಿದೆ ಎಂಬುದು ಇಪ್ಪತ್ತನ್ನೂ ತುಂಬಿಸಲು ಕಾರಣವಲ್ಲ. ಆ ಪ್ರಬಂಧಗಳನ್ನು ಬರೆಯಬೇಕಾದದ್ದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಅಂದರೆ ಜನವರಿಯ ಜೆಇಇ ಮೇನ್‌ಗೆ ಓದಬೇಕಾದ ತಿಂಗಳುಗಳಲ್ಲೇ.

ಆದ್ದರಿಂದ ಈ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು. ಖಚಿತವಾಗಿ ಸಿಗಬಹುದಾದ, ಶುಲ್ಕ ಭರಿಸಬಲ್ಲ, ಸಿಕ್ಕರೆ ಮನಸಾರೆ ಹೋಗುವ ಎರಡು ಹೆಸರುಗಳನ್ನು ಮೊದಲು ಹುಡುಕಿ. ಅದರಲ್ಲಿ ಮೂರನೆಯ ಷರತ್ತನ್ನೇ ಎಲ್ಲರೂ ಮರೆಯುವುದು. ಬೆಂಗಳೂರಿನ ಕುಟುಂಬಕ್ಕೆ ಇಲ್ಲೊಂದು ಅನುಕೂಲವಿದೆ: ಮೊದಲ ಹಾಳೆಯ ಸೀಟೇ ಎರಡನೆಯ ಹಾಳೆಯ ತಳವಾಗಬಹುದು. ಊರಿನ ಒಳ್ಳೆಯ ಕಾಲೇಜಿಗಿಂತ ಮೇಲೆಂದು ನಿಮಗೇ ಅನಿಸದ ವಿದೇಶಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವುದೇಕೆ?

[ದೃಶ್ಯ: ಶುಲ್ಕ ಮತ್ತು ನೆರವಿನ ಕೋಷ್ಟಕದ ಮಾದರಿ]

ಹಣದ ಮಾತು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಡಾರ್ಟ್‌ಮತ್ ಮೊದಲಾದ ಕೆಲವೇ ಕೆಲವು ಸಂಸ್ಥೆಗಳು ಹೊರದೇಶದ ವಿದ್ಯಾರ್ಥಿ ಆರ್ಥಿಕ ನೆರವು ಕೇಳಿದ್ದಾನೆಯೇ ಎಂಬುದನ್ನು ಪ್ರವೇಶದ ತೀರ್ಮಾನದಲ್ಲಿ ಪರಿಗಣಿಸುವುದಿಲ್ಲ. ಉಳಿದ ಬಹುತೇಕ ಕಡೆ ನೆರವು ಕೇಳಿದರೆ ಅವಕಾಶ ತಗ್ಗುತ್ತದೆ. ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳು ಹೊರದೇಶದವರಿಗೆ ನೆರವನ್ನೇ ಕೊಡುವುದಿಲ್ಲ ಎನ್ನಬಹುದು. ಬಹಳಷ್ಟು ವಿಶ್ವವಿದ್ಯಾಲಯಗಳು ಪ್ರತಿವರ್ಷ ಕಾಮನ್ ಡೇಟಾ ಸೆಟ್ ಎಂಬ ದಾಖಲೆಯನ್ನು ಪ್ರಕಟಿಸುತ್ತವೆ. ಅದರ ಸಿ ವಿಭಾಗದಲ್ಲಿ ಪ್ರವೇಶದ ಮಾನದಂಡಗಳೂ, ಎಚ್ ವಿಭಾಗದಲ್ಲಿ ಎಷ್ಟು ಮಂದಿ ಹೊರದೇಶದವರಿಗೆ ಸರಾಸರಿ ಎಷ್ಟು ನೆರವು ಸಿಕ್ಕಿತೆಂಬುದೂ ಇರುತ್ತವೆ. ಲಕ್ಷಗಟ್ಟಲೆ ಶುಲ್ಕ ಕೇಳುವ ಸಲಹೆಗಾರರ ಬಳಿಗೆ ಹೋಗುವ ಮೊದಲು ಈ ಎರಡು ವಿಭಾಗಗಳನ್ನು ಓದಲು ಒಂದು ಭಾನುವಾರ ಸಾಕು.

ನವೆಂಬರಿನ ಆರಂಭಕ್ಕೆ ಕೊಡುವ ಅರ್ಲಿ ಡಿಸಿಷನ್ ಅರ್ಜಿ ಒಂದು ಕರಾರು: ಸಿಕ್ಕರೆ ಉಳಿದ ಅರ್ಜಿಗಳನ್ನು ಹಿಂತೆಗೆದುಕೊಂಡು ಅಲ್ಲಿಗೇ ಹೋಗಬೇಕು. ಬೇರೆ ಕಡೆಯ ನೆರವನ್ನು ಹೋಲಿಸಿ ನೋಡಲೇಬೇಕಾದ ಕುಟುಂಬಕ್ಕೆ ಇದು ತಕ್ಕದ್ದಲ್ಲವೆಂಬುದು ನನ್ನ ಅಭಿಪ್ರಾಯ. ಬೇಗ ಅರ್ಜಿ ಹಾಕುವ ಇನ್ನೊಂದು ಬಗೆಯಾದ ಅರ್ಲಿ ಆಕ್ಷನ್‌ನಲ್ಲಿ ಈ ಕಟ್ಟುಪಾಡು ಇಲ್ಲ.

ಬ್ರಿಟನ್ ಈ ಎರಡು ಪದ್ಧತಿಗಳ ನಡುವೆ ನಿಲ್ಲುತ್ತದೆ. ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಒಟ್ಟಾಗಿ ಸಲ್ಲಿಸುವ ಯೂಕ್ಯಾಸ್ ಅರ್ಜಿಯಲ್ಲಿ ಐದೇ ಆಯ್ಕೆಗಳು. ಪದವಿಗೆ ಒಂದೇ ವರ್ಷ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಎರಡಕ್ಕೂ ಸಾಮಾನ್ಯವಾಗಿ ಅರ್ಜಿ ಹಾಕುವಂತಿಲ್ಲ, ಮತ್ತು ಅವುಗಳ ಕೊನೆಯ ದಿನಾಂಕ ಅಕ್ಟೋಬರ್ 15.

[ದೃಶ್ಯ: ಸರ್ಕಾರಿ ಪ್ರೌಢಶಾಲೆಯೊಂದರ ಕಚೇರಿ, ಕಪಾಟಿನಲ್ಲಿ ದಾಖಲೆ ಪುಸ್ತಕಗಳು]

ಕೊನೆಯದಾಗಿ, ರಾಜ್ಯ ಪಠ್ಯಕ್ರಮದಲ್ಲಿ ಓದಿದವರಿಗೆ ಹೆಚ್ಚಾಗಿ ಎದುರಾಗುವ ಒಂದು ತೊಡಕು. ಅಮೆರಿಕದ ವಿಶ್ವವಿದ್ಯಾಲಯಗಳು ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳ ಅಂಕಗಳನ್ನು ಕೇಳುತ್ತವೆ. ನಮ್ಮಲ್ಲಿ ಒಂಬತ್ತು ಮತ್ತು ಹತ್ತು ಪ್ರೌಢಶಾಲೆಯ ದಾಖಲೆಯಲ್ಲಿ, ಪಿಯುಸಿ ಬೇರೆ ಕಾಲೇಜಿನ ದಾಖಲೆಯಲ್ಲಿ ಇರುತ್ತವೆ. ಒಂಬತ್ತನೆಯ ತರಗತಿಯ ಅಂಕಗಳನ್ನು ಮುಖ್ಯೋಪಾಧ್ಯಾಯರ ಸಹಿ, ಮೊಹರಿನೊಂದಿಗೆ ಬರೆಸಿಕೊಳ್ಳಲು ಹಳೆಯ ಶಾಲೆಗೆ ಹೋಗುವವರು ದಸರಾ ರಜೆ ಬರುವವರೆಗೆ ಕಾಯಬಾರದು. ಆಗ ಕಚೇರಿಗೂ ಬೀಗ ಬಿದ್ದಿರುತ್ತದೆ. ಜುಲೈ ತಿಂಗಳ ಯಾವುದಾದರೂ ಶನಿವಾರ ಬೆಳಿಗ್ಗೆ, ಹಳೆಯ ಅಂಕಪಟ್ಟಿಯ ನಕಲನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.