‘ಕನ್ನಡ ಮೀಡಿಯಂ ಯಾರು, ಕೈ ಎತ್ತಿ’

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಮೊದಲ ವರ್ಷದ ತರಗತಿಗಳು ಶುರು. ಅದಕ್ಕೇ ಇವತ್ತು ಹಣೆಪಟ್ಟಿಯ ವಿಷಯ ಎತ್ತಿಕೊಂಡಿದ್ದೇನೆ. ಹಳ್ಳಿಯವರು, ಕನ್ನಡ ಮೀಡಿಯಂ, ರಿಪೀಟರ್, ಹಾಸ್ಟೆಲ್ ಹುಡುಗರು. ಸ್ಟಾಫ್ ರೂಮಿನಲ್ಲಿ ನಾವೇ ದಿನಾ ಆಡುವ ಮಾತುಗಳಿವು. ಇವುಗಳಿಂದ ಅಂಕ ಇಳಿಯುತ್ತದೆ ಅಂತ ನಮಗೆಲ್ಲ ಗೊತ್ತು. ಅಂಕಕ್ಕಿಂತ ಮೊದಲು ಕೈತಪ್ಪಿ ಹೋಗುವುದು ಗೆಳೆತನ. ನನ್ನ ಮಾತೆಲ್ಲ ಇದೊಂದೇ.

ಒಬ್ಬ ಹುಡುಗಿಯ ಕತೆ ಹೇಳುತ್ತೇನೆ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ರಾಯಚೂರು ಕಡೆಯವಳು, ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವಳು. ಬೆಂಗಳೂರಿನ ಕಾಲೇಜೊಂದರಲ್ಲಿ ನನ್ನ ವಿದ್ಯಾರ್ಥಿನಿ. ಮೊದಲ ದಿನ ಎದ್ದು ನಿಂತು ‘ನಮಸ್ಕಾರ್ರಿ ಸರ್’ ಅಂದಳು. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ನಕ್ಕವರು ಕೆಟ್ಟ ಮಕ್ಕಳೇನಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಅವಳಿಗೆ ‘ರೀ’ ಅಂತಲೇ ಹೆಸರು ಬಿದ್ದಿತ್ತು.

ರೂಮಿನವರಿಗೆಲ್ಲ ಆಗಲಿ ಅಂತ ಅವಳ ತಾಯಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದ್ದರು. ಅಷ್ಟು ರೊಟ್ಟಿ ಬಡಿಯೋಕೆ ಎಷ್ಟು ಹೊತ್ತು ಬೇಕು ಅಂತ ಇಲ್ಲಿ ಕೂತಿರುವ ಆ ಕಡೆಯವರನ್ನು ಕೇಳಿ ನೋಡಿ. ಆ ಡಬ್ಬಿ ಮಂಚದ ಕೆಳಗೇ ಉಳಿಯಿತು. ಲೈಟ್ ಆರಿಸಿದ ಮೇಲೆ ಒಬ್ಬಳೇ ತಿನ್ನುತ್ತಿದ್ದಳಂತೆ. ಕಡಕ್ ರೊಟ್ಟಿ ಸದ್ದು ಮಾಡುತ್ತೆ ಅಲ್ವಾ? ಅದಕ್ಕೆ ಬಾಯಲ್ಲಿ ಇಟ್ಟುಕೊಂಡು, ನೆನೆದ ಮೇಲೆ ಅಗಿಯುತ್ತಿದ್ದಳು.

ಒಂದು ದಿನ ಪಕ್ಕದ ಬೆಂಚಿನ ಹುಡುಗಿ ನನ್ನ ಹತ್ತಿರ ದೂರು ತಂದಳು. ‘ಸರ್, ಅವಳಿಗೆ ಜಂಭ. ನಮ್ಮ ಜೊತೆ ಸೇರಲ್ಲ. ವಾಟ್ಸಾಪ್ ಗ್ರೂಪಲ್ಲಿ ಟೈಪಿಂಗ್ ಅಂತ ಬರುತ್ತೆ, ಮೆಸೇಜ್ ಮಾತ್ರ ಬರಲ್ಲ.’ ಅವಳನ್ನು ಕರೆದು ಕೇಳಿದೆ. ‘ಇಂಗ್ಲಿಷ್ ತಪ್ಪಾದ್ರ ನಗ್ತಾರ್ರಿ ಸರ್. ಬರದು ಅಳಸ್ತೀನ್ರಿ’ ಅಂದಳು.

ನೋಡಿ, ಇವಳಿಗೆ ನಗುತ್ತಾರೆ ಅನ್ನುವ ಹೆದರಿಕೆ. ಅದಕ್ಕೆ ಸುಮ್ನಿದ್ದಳು. ಸುಮ್ನಿದ್ದದ್ದು ಅವರ ಕಣ್ಣಿಗೆ ಜಂಭವಾಗಿ ಕಂಡಿತು. ಅವರು ದೂರ ಸರಿದರು. ತಾನು ಅಂದುಕೊಂಡದ್ದೇ ಸರಿ ಅಂತ ಇವಳಿಗೂ ಅನ್ನಿಸಿತು. ಲ್ಯಾಬಿಗೆ ಜೋಡಿ ಸಿಗಲಿಲ್ಲ. ಜ್ವರ ಬಂದು ನಾಲ್ಕು ದಿನ ಮಲಗಿದಾಗ ನೋಟ್ಸ್ ಕೇಳೋಕೆ ಒಬ್ಬರೂ ಇರಲಿಲ್ಲ. ಅಂಕ ಇಳಿದದ್ದು ಆಮೇಲೆ.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನುವ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿ ಹುಡುಗರ ಜೊತೆ ಒಂದು ಪ್ರಯೋಗ ಮಾಡಿದ್ದರು. 2006ರಲ್ಲಿ ಪ್ರಕಟವಾಗಿದೆ. ಆರು, ಏಳನೇ ತರಗತಿಯ ಮಕ್ಕಳಿಗೆ ಕಾಗದದ ಮೇಲೆ ದಾರಿ ಹುಡುಕುವ ಆಟ. ಬಿಡಿಸಿದ್ದಕ್ಕೆ ತಕ್ಕಂತೆ ದುಡ್ಡು. ಜಾತಿಯ ಮಾತೇ ಬಾರದಿದ್ದಾಗ ಮೇಲ್ಜಾತಿಯವರು, ಕೆಳಜಾತಿಯವರು ಹೆಚ್ಚು ಕಡಿಮೆ ಒಂದೇ ಸಮ ಬಿಡಿಸಿದರು. ಹೆಸರು, ಊರು, ಜಾತಿಯನ್ನು ಎಲ್ಲರೆದುರು ಓದಿ ಹೇಳಿದಾಗ ಕೆಳಜಾತಿಯ ಮಕ್ಕಳು ಹಿಂದೆ ಬಿದ್ದರು. ಆಟ ಅದೇ ಆಗಿತ್ತು. ಹಾಗೆ ಓದಿ ಹೇಳಿದ್ದು ಮೇಷ್ಟ್ರ ದನಿ ಅಂದುಕೊಳ್ಳಿ. ಹಾಜರಿ ಕರೆಯುವಾಗ ಎಲ್ಲರೆದುರು ಹಣೆಪಟ್ಟಿ ಹಚ್ಚಿ ನಾವು ಮಾಡುವುದೂ ಇದನ್ನೇ ಅಲ್ವಾ?

ಈಶಾನ್ಯ ರಾಜ್ಯಗಳ ಮಕ್ಕಳ ಬಗ್ಗೆಯೂ ಬರೆದುಕೊಂಡು ಬಂದಿದ್ದೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಒಂದೇ ಮಾತು. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿ ಆಗುತ್ತೆ ಅನ್ನುವ ವದಂತಿಗೆ ಹೆದರಿ ಆ ಕಡೆಯ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ‘ಹೋಗಬೇಡ, ನಮ್ಮನೆಗೆ ಬಾ’ ಅನ್ನುವ ಒಬ್ಬ ಗೆಳೆಯ ಅವರಲ್ಲಿ ಎಷ್ಟು ಜನಕ್ಕಿದ್ದ? ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಉಳಿದದ್ದೆಲ್ಲ ಬಿಡುತ್ತೇನೆ. ಸೋಮವಾರ ದಯವಿಟ್ಟು ‘ಕನ್ನಡ ಮೀಡಿಯಂ ಯಾರು, ಕೈ ಎತ್ತಿ’ ಅನ್ನಬೇಡಿ. ಸಹಾಯ ಮಾಡೋಣ ಅಂತಲೇ ನಾನೂ ವರ್ಷಗಟ್ಟಲೆ ಕೇಳಿದ್ದೇನೆ. ಆ ಹುಡುಗಿ ಎದ್ದು ನಿಂತದ್ದು ನಾನು ಹಾಗೆ ಕೇಳಿದಾಗಲೇ. ಯಾರಿಗೆ ಏನು ಕಷ್ಟ ಅಂತ ಚೀಟಿಯಲ್ಲಿ ಬರೆದು ಕೊಡಲಿ. ಲ್ಯಾಬಿನ ಜೋಡಿಗಳನ್ನು ನೀವೇ ಹಾಕಿ, ತಿಂಗಳಿಗೊಮ್ಮೆ ಬದಲಿಸಿ. ಎರಡನೇ ಸೆಮಿಸ್ಟರಿನಲ್ಲಿ ನಾನು ಹಾಗೆ ಮಾಡಿದೆ. ಅವಳಿಗೆ ಜೋಡಿಯಾಗಿ ಬಂದವಳು ದೂರು ತಂದ ಅದೇ ಹುಡುಗಿ. ಗೆಳತಿಯರಾದರು ಅಂತ ಹೇಳಲಾರೆ. ನೋಟ್ಸ್ ಕೇಳೋಕೆ ಒಬ್ಬಳು ಸಿಕ್ಕಳು.

ನಮಸ್ಕಾರ.