ಕೋಟಿನ ಮೇಲೆ ಸೀಮೆಸುಣ್ಣ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಹೈಸ್ಕೂಲಿನ ಹನ್ನೊಂದನೇ ತರಗತಿಗೆ ಚರಿತ್ರೆ ಪಾಠ ಮಾಡುತ್ತೇನೆ. ಅವರ ದೇಶದ ಚರಿತ್ರೆಯನ್ನು ಅವರ ಮಕ್ಕಳಿಗೇ ಹೇಳಿಕೊಡಲು ಅರಸೀಕೆರೆಯಿಂದ ಒಬ್ಬಳು ಹೋಗಬೇಕಾಯಿತೇ ಎಂದು ನಮ್ಮ ಚಿಕ್ಕಮ್ಮನಿಗೆ ಇವತ್ತಿಗೂ ನಗು. "ಮೊನ್ನೆ ಹುಟ್ಟಿದ ದೇಶ, ಅದಕ್ಕೇನೇ ಚರಿತ್ರೆ?" ಅನ್ನುತ್ತಾರೆ. ಇದೆ ಚಿಕ್ಕಮ್ಮ, ಬೇಕಾದಷ್ಟಿದೆ. ಇಪ್ಪತ್ತನೇ ಶತಮಾನದ ಮೊದಲ ಇಪ್ಪತ್ತು ವರ್ಷಕ್ಕೇ ನನಗೆ ಎರಡು ತಿಂಗಳು ಬೇಕು.

ನಾನು ಓದಿದ ಶಾಲೆಯಲ್ಲಿ ಚರಿತ್ರೆ ಎಂದರೆ ಕಾರಣಗಳು, ಪರಿಣಾಮಗಳು, ಐದು ಅಂಕ. ತಾಳಿಕೋಟೆ ಕದನದ ಕಾರಣಗಳು ನನಗೆ ಈಗಲೂ ಬಾಯಿಪಾಠ. ಇಲ್ಲಿ ಹಾಗಲ್ಲ, ಮಕ್ಕಳಿಂದ ಏನಾದರೂ ಮಾಡಿಸಬೇಕು. ಮಾಡಿಸುತ್ತಾ ಮಾಡಿಸುತ್ತಾ ನಾನು ಕಲಿತದ್ದು ಒಂದೇ ಮಾತು: ಮಕ್ಕಳಿಗೆ ಕೆಲಸ ಕೊಡಬೇಕು, ಪಾತ್ರ ಕೊಡಬಾರದು. ಇದನ್ನು ಕಲಿಯುವುದಕ್ಕೆ ಒಂದು ವರ್ಷದ ಪಾಠವನ್ನೇ ಕೆಡಿಸಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಾರಿನ ಕಥೆ. ಹೆನ್ರಿ ಫೋರ್ಡ್ 1913ರಲ್ಲಿ ಮಿಷಿಗನ್ ರಾಜ್ಯದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ತಂದ. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಕಾರಿನ ಚಾಸಿ ಮರುವರ್ಷದ ಹೊತ್ತಿಗೆ 93 ನಿಮಿಷದಲ್ಲಿ ತಯಾರು. ಇದನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ನೋಟ್ ಮಾಡಿಕೊಂಡು ಸುಮ್ಮನಾಗುತ್ತಾರೆ. ಅದಕ್ಕೇ ಒಬ್ಬೊಬ್ಬರಿಗೂ ಹಾಳೆ, ಪೆನ್ಸಿಲ್ ಕೊಟ್ಟು ಒಂದು ಪೂರ್ತಿ ಕಾರು ಬರೆಯಿರಿ ಎನ್ನುತ್ತೇನೆ. ಚಕ್ರ, ಕಡ್ಡಿ, ದೀಪ, ಬಾಗಿಲು, ಸ್ಟೀರಿಂಗು, ಎಲ್ಲ ಇರಬೇಕು. ಹರಟುತ್ತಾ ಬರೆಯುತ್ತಾರೆ, ಒಬ್ಬಳು ಒಳಗೆ ನಾಯಿ ಕೂರಿಸುತ್ತಾಳೆ. ಹೆಸರನ್ನೂ ಹಾಕಿ ಕೊಡುತ್ತಾರೆ. ಆಮೇಲೆ ಮೇಜುಗಳನ್ನು ಸಾಲಾಗಿ ಜೋಡಿಸುತ್ತೇನೆ. ನಿನ್ನದು ಹಿಂದಿನ ಬಲಗಡೆ ಚಕ್ರ, ಅಷ್ಟೇ. ನಿನ್ನದು ದೀಪ. ಹಾಳೆ ಮುಂದೆ ಹೋಗುತ್ತಲೇ ಇರಬೇಕು.

ಐದು ನಿಮಿಷ ಖುಷಿಯೋ ಖುಷಿ. ಕಾರುಗಳು ರಾಶಿ ಬೀಳುತ್ತವೆ. ಹತ್ತನೇ ನಿಮಿಷಕ್ಕೆ ಮಾತು ನಿಲ್ಲುತ್ತದೆ. ಹೋದ ವರ್ಷ ಹಿಂದಿನ ಚಕ್ರದ ಹುಡುಗ ಕೈ ಎತ್ತಿ, "ಮಿಸ್, ಬಾತ್‌ರೂಮಿಗೆ ಹೋಗಲಾ?" ಎಂದ. ಹೋಗು ಎಂದೆ. ಅವನು ಬಾಗಿಲು ದಾಟುವಷ್ಟರಲ್ಲಿ ಅವನ ಮೇಜಿನ ಮೇಲೆ ಏಳು ಹಾಳೆ. ಮುಂದಿನವರು ಕೈಕಟ್ಟಿ ಕೂತರು, ಹಿಂದಿನವರು ಕೂಗಾಡಿದರು. ಅವನು ಬಂದಾಗ ಇಡೀ ಸಾಲು ಅವನನ್ನು ಬೈಯಿತು. ನನ್ನನ್ನು ಮಾತ್ರ ಯಾರೂ ಬೈಯಲಿಲ್ಲ. ಇದನ್ನು ಅವರಿಗೆ ತೋರಿಸಿಕೊಟ್ಟಾಗ ತರಗತಿ ಗಪ್ಪಾಯಿತು.

ಆಗ ಅಂಕಿ ಕೊಡುತ್ತೇನೆ. 1913ರಲ್ಲಿ ಫೋರ್ಡ್ ಕಾರ್ಖಾನೆಯಲ್ಲಿ ಸುಮಾರು 14,000 ಆಳುಗಳು ನಿಲ್ಲಬೇಕಾದರೆ ವರ್ಷಕ್ಕೆ 50,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಬಂದವರು ಬಂದ ಹಾಗೇ ಹೋಗುತ್ತಿದ್ದರು. ಯಾಕೆಂದು ಚಕ್ರದ ಹುಡುಗನಿಗೆ ನಾನು ಹೇಳಬೇಕಾಗಿರಲಿಲ್ಲ. 1914ರ ಜನವರಿಯಲ್ಲಿ ದಿನಕ್ಕೆ ಐದು ಡಾಲರ್ ಎಂದು ಫೋರ್ಡ್ ಸಾರಿದ. ಆಗಿನ ಕೂಲಿಗೆ ಅದು ಹೆಚ್ಚುಕಡಿಮೆ ಎರಡರಷ್ಟು. ತರಗತಿಯಲ್ಲಿ ಅದು ಐದು ಬೋನಸ್ ಅಂಕ. ಆದರೆ ಫೋರ್ಡನ ಐದು ಡಾಲರಿಗೂ ಷರತ್ತಿತ್ತು. ಕಂಪನಿಯ ಜನ ಮನೆಗೇ ಬಂದು, ಕುಡಿಯುತ್ತಾನಾ, ಉಳಿತಾಯ ಮಾಡುತ್ತಾನಾ, ಮನೆ ಚೊಕ್ಕಟವಾಗಿದೆಯಾ ಎಂದು ವಿಚಾರಿಸುತ್ತಿದ್ದರು. ಹಾಗಾಗಿ ನಾನೂ ಒಬ್ಬಳನ್ನು ಎಬ್ಬಿಸಿ, ಎಲ್ಲರ ಬ್ಯಾಗಿನೊಳಗೆ ಎಷ್ಟು ನೀಟಾಗಿದೆ ನೋಡು ಎನ್ನುತ್ತೇನೆ. ಬ್ಯಾಗ್ ತೆರೆಯುವುದಿಲ್ಲ ಎಂದು ಅರ್ಧ ಜನ ಅಂಕವನ್ನೇ ಬಿಟ್ಟುಬಿಡುತ್ತಾರೆ. ಇನ್ನರ್ಧ ಜನ ಸರಸರ ಒಳಗಿನ ಕಸ ತೆಗೆಯುತ್ತಾರೆ.

ಈಗ ನಾನು ಕೆಡಿಸಿದ ಪಾಠ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪ 1892ರಲ್ಲಿ ವಲಸಿಗರ ತಪಾಸಣಾ ಕೇಂದ್ರವಾಯಿತು. 1907ರಲ್ಲಂತೂ ಒಂದೇ ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಇಳಿದರು. ಗಂಟುಮೂಟೆ ಹೊತ್ತು ಮೆಟ್ಟಿಲು ಹತ್ತುವವರನ್ನು ವೈದ್ಯರು ನಿಂತಲ್ಲೇ ನೋಡುತ್ತಿದ್ದರು. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದ ಗುರುತು. ಕಣ್ಣಿಗೆ ಇ, ಹೃದಯಕ್ಕೆ ಎಚ್, ಕುಂಟಿಗೆ ಎಲ್, ತಲೆ ಸರಿಯಿಲ್ಲ ಎಂಬ ಅನುಮಾನಕ್ಕೆ ಎಕ್ಸ್. ಗುರುತು ಬಿದ್ದವರನ್ನು ಪಕ್ಕಕ್ಕೆ ಕರೆದೊಯ್ದು ಮತ್ತೆ ಪರೀಕ್ಷೆ. ಕೊನೆಗೆ ವಾಪಸು ಹೋದವರು ನೂರಕ್ಕೆ ಸುಮಾರು ಇಬ್ಬರು ಅಷ್ಟೇ, ಆದರೆ ಸಾಲಿನಲ್ಲಿ ನಿಂತವರಿಗೆ ಆ ಲೆಕ್ಕ ಗೊತ್ತಿರಲಿಲ್ಲವಲ್ಲ.

ನಾನು ಉತ್ಸಾಹದಲ್ಲಿ ಮಕ್ಕಳಿಗೆ ಶಾಲು, ಟೋಪಿ ತರಿಸಿ, ಸಾಲಾಗಿ ನಿಲ್ಲಿಸಿ, ಬೆನ್ನ ಮೇಲೆ ಸೀಮೆಸುಣ್ಣ ಎಳೆದೆ. ನಕ್ಕಿದ್ದೇ ನಕ್ಕಿದ್ದು. ಎಕ್ಸ್ ಬಿದ್ದ ಹುಡುಗನಿಗೆ ಎರಡು ತಿಂಗಳು ಅದೇ ಅಡ್ಡಹೆಸರಾಯಿತು. ಅದು ಸಾಲದೆಂಬಂತೆ ಬೆಲ್ ಆದ ಮೇಲೆ ಒಬ್ಬ ಹುಡುಗಿ ಕುರ್ಚಿ ಬಿಟ್ಟೇಳಲಿಲ್ಲ. ಬೆನ್ನ ಮೇಲಿನ ಗುರುತನ್ನು ಒರೆಸಿಕೊಂಡಿರಲಿಲ್ಲ. ಏನಮ್ಮ ಎಂದೆ. "ಮಿಸ್, ಮುಂದಿನ ತಿಂಗಳು ನಮ್ಮಪ್ಪನಿಗೆ ಇಮಿಗ್ರೇಷನ್ ಕೋರ್ಟಿನಲ್ಲಿ ಹಿಯರಿಂಗ್ ಇದೆ. ವಾಪಸ್ ಕಳಿಸಬಹುದು," ಎಂದಳು. ಆ ದಿನ ಮನೆಗೆ ಹೋಗಿ ಶಾಲು ಟೋಪಿಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ.

ಈಗ ಎಲ್ಲಿಸ್ ದ್ವೀಪದ ಪಾಠಕ್ಕೆ ವೇಷವಿಲ್ಲ. ಹಡಗಿನ ಪ್ರಯಾಣಿಕರ ಪಟ್ಟಿಯ ಪ್ರತಿ ಕೊಟ್ಟು ಓದಿಸುತ್ತೇನೆ: ಹೆಸರು, ಕಸುಬು, ಕೈಯಲ್ಲಿದ್ದ ದುಡ್ಡು. ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಹೆಸರನ್ನೇ ಬದಲಾಯಿಸಿಬಿಟ್ಟರು ಎಂದು ಅಮೆರಿಕದಲ್ಲಿ ಮನೆಮನೆಯಲ್ಲೂ ಕಥೆಯಿದೆ. ಆದರೆ ಅಧಿಕಾರಿಯ ಮುಂದಿದ್ದದ್ದು ಹಡಗು ಹೊರಟ ಕಡೆಯಲ್ಲೇ ಬರೆದ ಪಟ್ಟಿ, ಅವನು ಅದನ್ನು ನೋಡಿ ಟಿಕ್ ಹಾಕುತ್ತಿದ್ದ. ಹೆಸರು ಬದಲಾದದ್ದು ಬಹುಪಾಲು ಆಮೇಲೆ, ತಾವಾಗಿಯೇ. ನನಗೇನೂ ಆಶ್ಚರ್ಯವಿಲ್ಲ. ಮನೆತನದ ಹೆಸರಿಲ್ಲದ ನಮ್ಮಂಥವರು ಪಾಸ್‌ಪೋರ್ಟಿನ ಖಾಲಿ ಜಾಗ ತುಂಬಲು ಅಪ್ಪನ ಹೆಸರು ಬರೆದು, ಇಲ್ಲಿ ಬಂದಮೇಲೆ ಎಲ್ಲರ ಬಾಯಲ್ಲೂ ಅಪ್ಪನ ಹೆಸರಿನಿಂದಲೇ ಕರೆಸಿಕೊಳ್ಳುತ್ತೇವಲ್ಲ.

ಪಶ್ಚಿಮದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜಲ್ ದ್ವೀಪದ ಕಥೆ ಬೇರೆ. ಅಲ್ಲಿನ ತಪಾಸಣಾ ಕೇಂದ್ರ 1910ರಿಂದ 1940ರವರೆಗೆ ನಡೆಯಿತು. ಎಲ್ಲಿಸ್‌ನಲ್ಲಿ ಹೆಚ್ಚಿನವರಿಗೆ ಕೆಲವು ಗಂಟೆ, ಇಲ್ಲಿ ಚೀನೀಯರಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ. 1882ರ ಕಾಯಿದೆ ಚೀನೀ ಕೂಲಿಗಳಿಗೆ ಬಾಗಿಲು ಹಾಕಿತ್ತು. ವರ್ತಕರು, ವಿದ್ಯಾರ್ಥಿಗಳಂಥ ಕೆಲವರನ್ನು ಬಿಟ್ಟರೆ, ಅಮೆರಿಕದ ಪೌರನ ಮಗ ಎಂದು ತೋರಿಸಿದವರಿಗೆ ಒಳಗೆ ದಾರಿಯಿತ್ತು. 1906ರ ಭೂಕಂಪ, ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋಗಿದ್ದರಿಂದ, ನಾನು ಇಲ್ಲೇ ಹುಟ್ಟಿದ ಪೌರ ಎಂದವನನ್ನು ಅಲ್ಲಗಳೆಯುವುದು ಕಷ್ಟವಾಯಿತು; ಅನೇಕರು ಅಂಥವರಿಗೆ ಕಾಗದದ ಮೇಲಷ್ಟೇ ಮಕ್ಕಳಾದರು. ಅದನ್ನು ಹಿಡಿಯಲು ಅಧಿಕಾರಿಗಳು ಕೇಳುತ್ತಿದ್ದ ಪ್ರಶ್ನೆ ನೋಡಿ: ನಿನ್ನ ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿಯ ಡಬ್ಬ ಎಲ್ಲಿದೆ? ಪಕ್ಕದ ಸಾಲಿನ ಮೂರನೇ ಮನೆ ಯಾರದು? ಅದೇ ಪ್ರಶ್ನೆಯನ್ನು ಅಪ್ಪನನ್ನೋ ಅಣ್ಣನನ್ನೋ ಕೇಳಿ ತಾಳೆ ನೋಡುವುದು.

ಈ ಪಾಠಕ್ಕೆ ಯಾರನ್ನೂ ಚೀನೀಯನಾಗು ಎನ್ನುವುದಿಲ್ಲ. ಮೂರು ವರ್ಷ ಜೊತೆಗೇ ಊಟ ಮಾಡಿದ ಇಬ್ಬರು ಗೆಳೆಯರಲ್ಲಿ ಒಬ್ಬನನ್ನು ಹೊರಗೆ ಕಳಿಸಿ, ಇನ್ನೊಬ್ಬನನ್ನು ನಮ್ಮ ಶಾಲೆಯ ಬಗ್ಗೆಯೇ ಕೇಳುತ್ತೇನೆ. ಮುಂಬಾಗಿಲಿಗೆ ಎಷ್ಟು ಮೆಟ್ಟಿಲು? ಒಬ್ಬ ಹನ್ನೊಂದು ಎಂದ, ಇನ್ನೊಬ್ಬ ಒಂಬತ್ತು. ಜಗಳವಾಗಿ, ಪಿರಿಯಡ್ ಮುಗಿದದ್ದೇ ಇಡೀ ತರಗತಿ ಓಡಿಹೋಗಿ ಎಣಿಸಿತು. ಹತ್ತು. ವಾಪಸ್ ಬರುವಾಗ ಒಬ್ಬಳು ನನ್ನ ಪಕ್ಕಕ್ಕೆ ಬಂದು, "ಇಬ್ಬರೂ ಹನ್ನೊಂದು ಅಂದಿದ್ದರೆ ಪಾಸಾಗುತ್ತಿದ್ದರು ಅಲ್ವಾ ಮಿಸ್?" ಎಂದಳು. ಹೌದು. ಅದಕ್ಕೇ ಪ್ರಶ್ನೋತ್ತರದ ಚೀಟಿಗಳನ್ನು ಹಡಗಿನಲ್ಲಿ ಉರುಹೊಡೆದು, ದಡ ಕಾಣುವ ಮೊದಲು ಸಮುದ್ರಕ್ಕೆ ಎಸೆಯುತ್ತಿದ್ದರು.

ಇನ್ನು ಹೆಂಗಸರ ಮತದ ಪಾಠ ತಾನಾಗಿಯೇ ನಡೆಯುತ್ತದೆ. 1920ರ ಆಗಸ್ಟ್, ಟೆನೆಸಿ ರಾಜ್ಯದ ವಿಧಾನಸಭೆ. ಹೆಂಗಸರಿಗೆ ಮತದ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿಗೆ ಇನ್ನೊಂದೇ ರಾಜ್ಯದ ಒಪ್ಪಿಗೆ ಬೇಕಿತ್ತು. ವಿರೋಧಿಗಳಿಗೆ ಕೆಂಪು ಗುಲಾಬಿ, ಪರವಾದವರಿಗೆ ಹಳದಿ. ಕೋಟಿಗೆ ಕೆಂಪು ಗುಲಾಬಿ ಸಿಕ್ಕಿಸಿಕೊಂಡಿದ್ದ 24ರ ಸದಸ್ಯ ಹ್ಯಾರಿ ಬರ್ನ್, ಪರವಾಗಿ ಮತ ಹಾಕು ಎಂದ ಅಮ್ಮನ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡು, ಪರವಾಗಿ ಮತ ಹಾಕಿಬಿಟ್ಟ. ಕಾಗದದ ಗುಲಾಬಿ ಸಾಕು, ಉಳಿದದ್ದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ.

ಒಂದನ್ನು ಮಾತ್ರ ನಾನು ಆಡಿಸುವುದಿಲ್ಲ. 1911ರ ಮಾರ್ಚ್ 25, ಶನಿವಾರ ಸಂಜೆ, ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರ್ಖಾನೆ ಇದ್ದದ್ದು ಎಂಟು, ಒಂಬತ್ತು, ಹತ್ತನೇ ಮಹಡಿಯಲ್ಲಿ. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ. ಅಗ್ನಿಶಾಮಕದವರ ಏಣಿ ಮುಟ್ಟಿದ್ದು ಆರನೆಯ ಮಹಡಿಯವರೆಗೆ. 146 ಜನ ಸತ್ತರು, ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ಮನೆಗಳ ಎಳೆಯ ಹೆಣ್ಣುಮಕ್ಕಳು. ಮಾಲೀಕರು ಖುಲಾಸೆಯಾದರು. ಬೀದಿಯಲ್ಲಿ ನಿಂತು ಅದನ್ನು ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಮುಂದೆ 1933ರಲ್ಲಿ ಅಮೆರಿಕದ ಕಾರ್ಮಿಕ ಮಂತ್ರಿಯಾದರು. ತರಗತಿಯ ಬಾಗಿಲು ಹಾಕಿ, ಗಡಿಯಾರ ಹಿಡಿದು ಆಡಿಸಿದರೆ ಚೆನ್ನಾಗಿರುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಆಗುವುದಿಲ್ಲ ಎಂದೆ.

ಅದರ ಬದಲು ಬೇರೊಂದಿದೆ. ನ್ಯೂಯಾರ್ಕಿನಲ್ಲಿ 2004ರಿಂದ ಪ್ರತಿ ಮಾರ್ಚ್ 25ರಂದು ಊರಿನವರು ಸತ್ತವರ ಹಳೆಯ ವಿಳಾಸಗಳಿಗೆ ಹೋಗಿ, ಆ ಮನೆಯ ಮುಂದಿನ ಕಾಲುದಾರಿಯ ಮೇಲೆ ಅವರ ಹೆಸರು, ವಯಸ್ಸನ್ನು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಒಂದು ವರ್ಷ ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋದೆ. ನಮಗೆ ಸಿಕ್ಕಿದ್ದು ಹದಿನಾರರ ಹುಡುಗಿಯೊಬ್ಬಳ ಹೆಸರು. ಬರೆದವಳಿಗೂ ಹದಿನಾರೇ. ಮಂಡಿಯೂರಿ, ನಾಲಿಗೆ ಕಚ್ಚಿಕೊಂಡು, ಅಕ್ಷರ ಸೊಟ್ಟಗಾದರೆ ಅಂಗೈಯಿಂದ ಒರೆಸಿ ಮತ್ತೆ ಬರೆದಳು. ಅಷ್ಟರಲ್ಲಿ ಒಳಗಿನಿಂದ ತಳ್ಳುಗಾಡಿಯಲ್ಲಿ ಬಟ್ಟೆ ಮೂಟೆ ಎಳೆದುಕೊಂಡು ಒಬ್ಬ ಹೆಂಗಸು ಬಂದರು. ನಿಂತು ಓದಿದರು. ಏನೂ ಕೇಳಲಿಲ್ಲ. ಬಾಗಿಲ ಮುಂದಿನ ರಂಗೋಲಿಯನ್ನು ನಾವು ಬಳಸಿಕೊಂಡು ಹೋಗುತ್ತೇವಲ್ಲ, ಹಾಗೆ ಗಾಡಿಯನ್ನು ರಸ್ತೆಗಿಳಿಸಿ, ಆ ಹೆಸರನ್ನು ಬಳಸಿಕೊಂಡು ಹೋದರು.

ನಮಸ್ಕಾರ.