ಉಪ್ಪು ಬೀಳುವ ಹೊತ್ತು

ಕೇಳುಗರೇ, ನಮಸ್ಕಾರ.

ಬಿಸಿಲು ನೆತ್ತಿಗೇರಿದ ದಿನಗಳಲ್ಲಿ ಒಲೆಯ ಮುಂದೆ ನಿಲ್ಲುವುದೆಂದರೆ ಯಾರಿಗೂ ಬೇಡ. ಬಿಸಿ ಅಡುಗೆ ತಟ್ಟೆಗೆ ಬಂದರೂ ನಾಲಿಗೆ ತಣ್ಣಗಿನದನ್ನು, ಹುಳಿಯಾದದ್ದನ್ನು, ರಸ ಜಿನುಗುವುದನ್ನು ಕೇಳುತ್ತದೆ. ಅಂಥ ಊಟಕ್ಕೆ ಹೇಳಿ ಮಾಡಿಸಿದ್ದು ಹಣ್ಣಿನ ಸಾಲ್ಸಾ, ಅಂದರೆ ಹೆಚ್ಚಿದ ಹಣ್ಣಿಗೆ ಈರುಳ್ಳಿ, ಖಾರ, ಹುಳಿ, ಉಪ್ಪು ಕಲಸಿ ಊಟಕ್ಕೆ ನಂಜಿಕೊಳ್ಳುವ ಪದಾರ್ಥ. ಒಲೆ ಹಚ್ಚಬೇಕಿಲ್ಲ, ರುಬ್ಬಬೇಕಿಲ್ಲ. ಒಂದು ಚಾಕು, ಒಂದು ಹಲಗೆ, ಒಂದು ಬಟ್ಟಲು ಇದ್ದರೆ ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸ.

ಇಷ್ಟು ಸುಲಭದ್ದೂ ಒಮ್ಮೆ ನನ್ನ ಕೈಯಲ್ಲಿ ಕೆಟ್ಟಿತು. ರಾತ್ರಿ ಊಟಕ್ಕೆ ಹತ್ತು ಜನ ಬರುವವರಿದ್ದರು. ಒಂದು ಕೆಲಸವಾದರೂ ಮುಗಿದಿರಲಿ ಎಂದು ಮಧ್ಯಾಹ್ನವೇ ಮಾವಿನಹಣ್ಣು ಹೆಚ್ಚಿ, ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ, ಉಪ್ಪು ಎಲ್ಲವನ್ನೂ ಕಲಸಿ ಫ್ರಿಜ್ಜಿನಲ್ಲಿಟ್ಟೆ. ರಾತ್ರಿ ಮುಚ್ಚಳ ತೆಗೆದರೆ ಹೋಳುಗಳು ಹಳದಿ ನೀರಿನಲ್ಲಿ ತೇಲುತ್ತಿದ್ದವು. ಒಂದು ಹೋಳು ಬಾಯಿಗಿಟ್ಟೆ. ಮೆತ್ತಗೆ, ಸಪ್ಪೆ. ರುಚಿಯೆಲ್ಲ ನೀರಿಗಿಳಿದುಹೋಗಿತ್ತು. ಹಣ್ಣು ಒಳ್ಳೆಯದೇ ಇತ್ತು, ಅಳತೆಯೂ ಸರಿಯಾಗಿತ್ತು. ಉಪ್ಪು ಹಾಕಿದ ಹೊತ್ತು ತಪ್ಪಿತ್ತು. ಇವತ್ತಿನ ನನ್ನ ಮಾತು ಆ ಹೊತ್ತಿನ ಬಗ್ಗೆಯೇ.

ಸಾಲ್ಸಾ ಎಂಬ ಹೆಸರಿನಲ್ಲೇ ಉಪ್ಪಿದೆ. ಅದು ಸ್ಪ್ಯಾನಿಷ್ ಮಾತು. ಅದರ ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದರ ಅರ್ಥ ‘ಉಪ್ಪು ಹಾಕಿದ್ದು’. ಹೆಸರು ಸ್ಪೇನಿನದಾದರೂ ಪದಾರ್ಥ ಮೆಕ್ಸಿಕೊದ ನೆಲದ್ದು. ಸ್ಪೇನಿನವರು ಬರುವ ಎಷ್ಟೋ ಮೊದಲೇ ಅಲ್ಲಿನ ಜನ ಟೊಮೆಟೊ, ಮೆಣಸಿನಕಾಯಿಗಳನ್ನು ಕಪ್ಪುಕಲ್ಲಿನ ಒರಳಿನಲ್ಲಿ ಅರೆದು ಊಟಕ್ಕೆ ನಂಜಿಕೊಳ್ಳುತ್ತಿದ್ದರು. 16ನೇ ಶತಮಾನದಲ್ಲಿ ಅಲ್ಲಿದ್ದ ಬರ್ನಾರ್ಡಿನೊ ದೆ ಸಹಗುನ್ ಎಂಬ ಪಾದ್ರಿ, ಸಂತೆಯಲ್ಲಿ ಇಂಥವನ್ನು ಮಾರುತ್ತಿದ್ದವರ ಬಗ್ಗೆ ಬರೆದಿಟ್ಟಿದ್ದಾನೆ. ಈರುಳ್ಳಿ, ಕೊತ್ತಂಬರಿ, ನಿಂಬೆ ಆಮೇಲೆ ಹಡಗು ಹತ್ತಿ ಬಂದವು. ಮಾವಿನ ದಾರಿ ಇನ್ನೂ ದೂರದ್ದು. 1565ರಿಂದ 1815ರವರೆಗೆ ಫಿಲಿಪ್ಪೀನ್ಸಿನ ಮನಿಲಾಕ್ಕೂ ಮೆಕ್ಸಿಕೊದ ಅಕಾಪುಲ್ಕೊಗೂ ನಡುವೆ ಸ್ಪೇನಿನ ಹಡಗುಗಳು ಓಡಾಡಿದವು. ಮೆಕ್ಸಿಕೊದ ಒಂದು ಜಾತಿಯ ಮಾವಿಗೆ ಇವತ್ತಿಗೂ ಮನಿಲಾ ಎಂದೇ ಹೆಸರು. ನಾವು ಒಂದು ಬಟ್ಟಲಲ್ಲಿ ಕಲಸುವ ಈ ನಾಲ್ಕಾರು ಸಾಮಾನುಗಳು ಒಂದೆಡೆ ಸೇರಲು ಎರಡು ಮಹಾಸಾಗರ ದಾಟಬೇಕಾಯಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ನಾಲ್ಕು ಜನಕ್ಕೆ ಎರಡು ಮಧ್ಯಮ ಗಾತ್ರದ ಮಾವಿನಹಣ್ಣು ಸಾಕು. ಪೂರ್ತಿ ಕಳಿತ ಹಣ್ಣು ಬೇಡ, ಅದನ್ನು ಹಾಗೇ ತಿನ್ನಿ. ತೊಟ್ಟಿನ ಹತ್ತಿರ ಮೂಸಿದರೆ ಘಮ ಬರಬೇಕು, ಹೆಬ್ಬೆರಳಲ್ಲಿ ಒತ್ತಿದರೆ ತುಸುವೇ ತಗ್ಗಬೇಕು. ಆ ಹದದ ಹಣ್ಣಿನಲ್ಲಿ ಸಿಹಿಯ ಜೊತೆಗೆ ಹುಳಿಯೂ ಉಳಿದಿರುತ್ತದೆ, ಹೋಳು ಹೋಳಾಗಿಯೇ ನಿಲ್ಲುತ್ತದೆ.

ಹೆಚ್ಚುವ ಬಗೆ ಹೀಗೆ. ಮಾವಿನ ಓಟೆ ಚಪ್ಪಟೆ. ತೊಳೆದು ಒರೆಸಿದ ಹಣ್ಣನ್ನು ತೊಟ್ಟು ಮೇಲೆ ಮಾಡಿ ಹಲಗೆಯ ಮೇಲೆ ನಿಲ್ಲಿಸಿ. ತೊಟ್ಟಿನಿಂದ ಸುಮಾರು ಒಂದು ಸೆಂಟಿಮೀಟರ್ ಪಕ್ಕಕ್ಕೆ ಚಾಕು ಇಟ್ಟು ನೇರ ಕೆಳಗಿಳಿಸಿ. ಓಟೆಗೆ ತಗುಲಿದರೆ ಅಲಗು ತಡವರಿಸುತ್ತದೆ, ಕೈಗೆ ಗೊತ್ತಾಗುತ್ತದೆ. ಆಗ ಬಲ ಹಾಕದೆ ಕೂದಲೆಳೆಯಷ್ಟು ಹೊರಕ್ಕೆ ವಾಲಿಸಿ. ಎರಡೂ ಕಡೆಯ ಕೆನ್ನೆ ಕಳಚಿ ಬಂದಮೇಲೆ, ತಿರುಳಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಗೀರಿ. ಚಾಕುವಿನ ತುದಿ ಸಿಪ್ಪೆಯನ್ನು ಮುಟ್ಟಿ ನಿಲ್ಲಬೇಕು, ಸೀಳಬಾರದು. ಆಮೇಲೆ ಚಮಚವನ್ನು ಸಿಪ್ಪೆಗೆ ಅಂಟಿಸಿಕೊಂಡು ಎಬ್ಬಿದರೆ ಚೌಕದ ಹೋಳುಗಳು ಉದುರುತ್ತವೆ. ಹೋಳು ಒಂದು ಸೆಂಟಿಮೀಟರಿಗಿಂತ ದೊಡ್ಡದಾಗುವುದು ಬೇಡ. ಒಂದೇ ಚಮಚದಲ್ಲಿ ಹಣ್ಣು, ಈರುಳ್ಳಿ, ಖಾರ, ಸೊಪ್ಪು ನಾಲ್ಕೂ ಬಾಯಿಗೆ ಬರಬೇಕಲ್ಲ. ಹೆಚ್ಚಿ ಮುಗಿದಾಗ ಹಲಗೆಯ ಮೇಲೆ ರಸ ಹರಿದಿದ್ದರೆ ಮೊದಲು ಚಾಕು ನೋಡಿ. ಮೊಂಡು ಚಾಕು ಹಣ್ಣನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ.

ಈರುಳ್ಳಿ ಮೂರು ಚಮಚದಷ್ಟು ಸಾಕು, ಸಣ್ಣಗೆ ಹೆಚ್ಚಿದ ಕೆಂಪು ಈರುಳ್ಳಿ. ಅಲಗು ತಗುಲಿ ಒಡೆದಾಗ ಅದರೊಳಗಿನ ಗಂಧಕದ ಸಂಯುಕ್ತಗಳು ಹೊರಬಂದು ಘಾಟು ಕೊಡುತ್ತವೆ. ಹತ್ತು ನಿಮಿಷ ತಣ್ಣೀರಿನಲ್ಲಿ ಹಾಕಿಟ್ಟು ಬಸಿದರೆ ಘಾಟು ಇಳಿಯುತ್ತದೆ, ಕುರುಕು ಉಳಿಯುತ್ತದೆ. ಬಸಿದದ್ದನ್ನು ಬಟ್ಟೆಯಲ್ಲಿ ಹಿಂಡಿ ಒಣಗಿಸುವುದನ್ನು ಮಾತ್ರ ಮರೆಯಬೇಡಿ, ಆ ನೀರೂ ಸಾಲ್ಸಾಕ್ಕೇ ಇಳಿಯುತ್ತದೆ.

ಮೆಣಸಿನಕಾಯಿಯ ಖಾರ ಬೀಜದಲ್ಲಿದೆ ಎಂದು ತುಂಬಾ ಜನ ನಂಬಿದ್ದಾರೆ. ನಿಜವಾಗಿ ಅದು ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಕಾಯಿಯನ್ನು ಉದ್ದಕ್ಕೆ ಸೀಳಿ ಆ ಬಿಳಿಯನ್ನು ಕೆರೆದು ತೆಗೆದರೆ ಖಾರ ನಿಮ್ಮ ಹಿಡಿತದಲ್ಲಿರುತ್ತದೆ. ಖಾರ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಆದ್ದರಿಂದ ಹೆಚ್ಚಿದ ಕೈಗೆ ತುಸು ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಅಲ್ಲಿಯವರೆಗೆ ಕಣ್ಣು ಮುಟ್ಟಬೇಡಿ. ಸಾಲ್ಸಾ ಖಾರವಾಗಿಬಿಟ್ಟರೂ ಇದೇ ಗುಟ್ಟು ಕೆಲಸಕ್ಕೆ ಬರುತ್ತದೆ: ಒಂದು ಬೆಣ್ಣೆಹಣ್ಣನ್ನು ಹೆಚ್ಚಿ ಸೇರಿಸಿ, ಅದರ ಜಿಡ್ಡು ಖಾರವನ್ನು ತಗ್ಗಿಸುತ್ತದೆ.

ಇನ್ನು ಉಪ್ಪು. ಉಪ್ಪಿಗಿಂತ ರುಚಿಯಿಲ್ಲ ಎಂಬ ಮಾತು ಹಣ್ಣಿಗೂ ಸಲ್ಲುತ್ತದೆ. ಚಿಟಿಕೆ ಉಪ್ಪು ಹಣ್ಣಿನ ಒಗರನ್ನೂ ಕಹಿಯನ್ನೂ ಅಡಗಿಸುತ್ತದೆ, ಆಗ ಸಿಹಿ ಎದ್ದು ಕಾಣುತ್ತದೆ. ಅದೇ ಉಪ್ಪು ಹೋಳಿನ ಮೇಲೆ ಕೂತು ಒಳಗಿನ ನೀರನ್ನು ಹೊರಗೆ ಸೆಳೆಯುತ್ತದೆ. ಹೊರಗೆ ಉಪ್ಪು ಹೆಚ್ಚು, ಒಳಗೆ ಕಡಿಮೆ, ಎರಡೂ ಸರಿದೂಗುವ ತನಕ ನೀರು ಹರಿಯುತ್ತಲೇ ಇರುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಹೊರಬರುವ ರಸ ನಮಗೆ ಬೇಕು. ನಿಂಬೆಹುಳಿ, ಖಾರ, ಈರುಳ್ಳಿಯ ರುಚಿ ಒಂದಕ್ಕೊಂದು ಹೊಂದಿಕೊಳ್ಳುವುದು ಆ ರಸದಲ್ಲೇ. ನಾಲ್ಕು ಗಂಟೆ ಬಿಟ್ಟರೆ ನನ್ನ ಹಳದಿ ನೀರು.

ಹಾಗಾಗಿ ನಾನೀಗ ಎರಡು ಪಾತ್ರೆ ಇಟ್ಟುಕೊಳ್ಳುತ್ತೇನೆ. ಹೆಚ್ಚಿದ ಹಣ್ಣು ಉಪ್ಪಿಲ್ಲದೆ ಒಂದರಲ್ಲಿ, ಮುಚ್ಚಿ ಫ್ರಿಜ್ಜಿನಲ್ಲಿ. ಇನ್ನೊಂದರಲ್ಲಿ ಈರುಳ್ಳಿ, ಮೆಣಸಿನಕಾಯಿ, ಒಂದು ನಿಂಬೆಹಣ್ಣಿನ ರಸ, ಕಾಲು ಚಿಕ್ಕ ಚಮಚ ಉಪ್ಪು. ಹುಳಿಯಲ್ಲಿ ನೆನೆಯುತ್ತಾ ಈರುಳ್ಳಿ ಹೊಳೆಯುವ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ನೋಡುವುದಕ್ಕೇ ಚೆಂದ. ಊಟಕ್ಕೆ ಕಾಲು ಗಂಟೆ ಇರುವಾಗ ಎರಡನ್ನೂ ಸೇರಿಸಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಹೆಚ್ಚಿ ಉದುರಿಸಿ, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ತಿರುವಿ, ಹೊರಗೇ ಇಡುತ್ತೇನೆ. ತೀರಾ ತಣ್ಣಗಿದ್ದರೆ ನಾಲಿಗೆಗೆ ಸಿಹಿ ಮಂಕಾಗುತ್ತದೆ. ಕೊತ್ತಂಬರಿ ಕೆಲವರಿಗೆ ಸೋಪಿನಂತೆ ನಾರುತ್ತದೆ. ಅದು ಹುಟ್ಟಿನಿಂದಲೇ ಬಂದ ವಾಸನೆಯ ಗ್ರಹಿಕೆ, ಅವರ ಹಟವಲ್ಲ. ಅವರು ಬರುವ ದಿನ ಪುದೀನ ಹಾಕಿ.

ಮಾವು ಇಲ್ಲದಾಗ ಬೇರೆ ಹಣ್ಣು ಆಗುತ್ತದೆ, ಆದರೆ ಒಂದೊಂದರ ಗುಣ ಒಂದೊಂದು. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಅದಕ್ಕೆ ಉಪ್ಪು ತಟ್ಟೆಗೆ ಬಿದ್ದಮೇಲೆಯೇ. ಅನಾನಸ್‌ನಲ್ಲಿ ಬ್ರೊಮೆಲೇನ್, ಪಪ್ಪಾಯಿಯಲ್ಲಿ ಪಪೇನ್ ಎಂಬ ಕಿಣ್ವಗಳಿವೆ. ಅವು ಪ್ರೋಟೀನನ್ನು ಒಡೆಯುತ್ತವೆ. ಹಸಿ ಅನಾನಸ್ ತಿಂದಾಗ ನಾಲಿಗೆ ಚುರುಗುಡುವುದರಲ್ಲಿ ಬ್ರೊಮೆಲೇನಿನ ಕೈವಾಡವೂ ಉಂಟು. ಮೀನು, ಸೀಗಡಿ, ಕೋಳಿಯ ಮೇಲೆ ಇವುಗಳ ಸಾಲ್ಸಾ ಸುರಿದು ಹೊತ್ತು ಕಳೆದರೆ ಮಾಂಸ ಹಿಟ್ಟುಹಿಟ್ಟಾಗುತ್ತದೆ, ಬಡಿಸುವಾಗ ಹಾಕಿದರೆ ತೊಂದರೆಯಿಲ್ಲ. ಸೇಬು ಹೆಚ್ಚಿದೊಡನೆ ಕಂದುತ್ತದೆ, ಕೂಡಲೇ ನಿಂಬೆರಸ ಬೀಳಲಿ. ಜೊತೆಗೆ ಏನು ಎನ್ನುತ್ತೀರಾ? ಸುಟ್ಟ ಮೀನು, ಬೇಯಿಸಿದ ಕಾಳು, ಅನ್ನ, ಮೆಕ್ಕೆಜೋಳದ ಚಿಪ್ಸ್, ಯಾವುದಾದರೂ ಸರಿ.

ಒಂದು ಎಚ್ಚರಿಕೆ ಹೇಳಲೇಬೇಕು. ಕಲ್ಲಂಗಡಿ, ಕರ್ಬೂಜಗಳ ಸಿಪ್ಪೆಯನ್ನು ಹೇಗೂ ತಿನ್ನುವುದಿಲ್ಲವಲ್ಲ ಎಂದು ತೊಳೆಯದೆ ಕತ್ತರಿಸಬೇಡಿ. ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕುವೇ ಒಳಗೆ ಒಯ್ಯುತ್ತದೆ. ಹೆಚ್ಚಿದ ಹಣ್ಣು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಉಳಿದದ್ದನ್ನು 4 ಡಿಗ್ರಿ ಅಥವಾ ಅದಕ್ಕೂ ತಣ್ಣಗಿರುವ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಿ. ಅಷ್ಟರಲ್ಲಿ ನೀರು ಬಿಟ್ಟಿರುತ್ತದೆ, ಬಸಿದು ಬಡಿಸಿ.

ಆ ರಾತ್ರಿ ಬಂದಿದ್ದವರು ಮರುವರ್ಷ ಬೇಸಿಗೆಯಲ್ಲಿ ಮತ್ತೆ ಬಂದರು. ಹಣ್ಣು ಹೆಚ್ಚಿ ಒಳಗಿಟ್ಟಿದ್ದೆ. ಈರುಳ್ಳಿ ಗುಲಾಬಿಯಾಗಿ ಕಾಯುತ್ತಿತ್ತು. ಮಾತು ಮುಗಿಸಿ ಒಬ್ಬೊಬ್ಬರಾಗಿ ಕೈತೊಳೆಯಲು ಏಳುವಾಗ ನಾನು ಎರಡನ್ನೂ ಒಂದೇ ಬಟ್ಟಲಿಗೆ ಹಾಕಿದೆ. ಎಲ್ಲರೂ ಕೂತು, ಬಿಸಿ ಅಡುಗೆ ಬಡಿಸಿ ಮುಗಿಯುವಷ್ಟರಲ್ಲಿ ತಳದಲ್ಲಿ ಎರಡು ಚಮಚದಷ್ಟು ರಸ ನಿಂತಿತ್ತು. ಹೋಳುಗಳ ಮೂಲೆಗಳು ಇನ್ನೂ ಚೂಪಾಗಿಯೇ ಇದ್ದವು.

ನಮಸ್ಕಾರ.